ನೀರು ಹೊತ್ತು ನಿಂತವನು

ಅವನು ಕೂತದ್ದನ್ನು ಕಂಡವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಖಾಲಿ ಬಸ್ಸಿನಲ್ಲಿ, ಎರಡೂ ಕಡೆಯ ಸೀಟುಗಳು ಬಾ ಬಾ ಎಂದು ಕರೆಯುತ್ತಿರುವಾಗಲೂ, ಅವನು ನಡುವಿನ ಓಣಿಯಲ್ಲಿ ಮೇಲಿನ ಕಂಬಿಗೆ ಜೋತುಬಿದ್ದು ನಿಂತೇ ಪ್ರಯಾಣ ಮಾಡುತ್ತಿದ್ದ. "ಕೂತ್ಕೊಳ್ರೀ, ನಿಮ್ಮನ್ನ ನೋಡಿ ನನಗೇ ಕಾಲು ನೋಯುತ್ತೆ" ಎಂದು ಕಂಡಕ್ಟರ್ ಗೊಣಗಿದರೆ, "ಇರಲಿ ಬಿಡಣ್ಣ, ಇನ್ನೇನು ಹೊರಟೆ" ಎನ್ನುತ್ತಿದ್ದ. ಓಡುವ ಬಸ್ಸಿನಿಂದ ಎಲ್ಲಿಗೆ ಹೊರಡುತ್ತಾನೆ ಪುಣ್ಯಾತ್ಮ! ಕ್ಷೌರದ ಅಂಗಡಿಯಲ್ಲಿಯೂ ಇದೇ ಕಥೆ. ಕುರ್ಚಿ ಒಲ್ಲೆನೆಂದು ಅವನು ಕನ್ನಡಿಯ ಮುಂದೆ ಗಳದ ಹಾಗೆ ನಿಂತುಬಿಟ್ಟಾಗ, ಗಿಡ್ಡ ಆಳಾದ ನಮ್ಮ ಕ್ಷೌರಿಕ ಸೋಡಾ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ, ಅವನ ತಲೆಗೆ ಕತ್ತರಿಯಾಡಿಸಿದನಂತೆ. "ಮರ ಹತ್ತಿ ಎಲೆ ಕೊಯ್ದ ಹಾಗಾಯ್ತು ನನ್ನ ಕೆಲಸ" ಎಂದು ಆತ ಬಹಳ ಕಾಲ ಹೇಳಿಕೊಂಡು ನಗುತ್ತಿದ್ದ.

ಆಸ್ಪತ್ರೆಯವರು ಅವನಿಗೆ ನಿಂತಣ್ಣ ಎಂದು ಹೆಸರಿಟ್ಟಿದ್ದರು. ಅವನೂ ಆ ಹೆಸರಿಗೆ ತಕರಾರಿಲ್ಲದೆ ಓಗೊಡುತ್ತಿದ್ದ. ಆಳು ಎತ್ತರ, ಮೈ ಕೃಶ, ಗಲ್ಲದ ಮೂಳೆಗಳು ಬೆಟ್ಟದವರದೇ ಎಂದು ದೂರದಿಂದಲೇ ಸಾರುವಷ್ಟು ಉಬ್ಬು. ಬೇಸಿಗೆಯ ಉರಿಬಿಸಿಲಿನಲ್ಲಿಯೂ ಅವನ ಮೈಮೇಲೊಂದು ಕಂದು ಬಣ್ಣದ ದಪ್ಪ ಕೋಟು. ಅದು ಅವನಿಗಾಗಿ ಹೊಲಿದದ್ದಲ್ಲವೆಂಬುದನ್ನು ಮುಂಗೈಯಿಂದ ಬಲು ಮೇಲೆಯೇ ನಿಂತುಬಿಟ್ಟ ತೋಳುಗಳು ಹೇಳುತ್ತಿದ್ದವು. ಕೋಟಿನ ಎಡಭಾಗದಲ್ಲಿ, ಪಕ್ಕೆಲುಬಿನ ಹತ್ತಿರ, ಮಗುವನ್ನು ಒಳಗೆ ಅವಿತಿಟ್ಟುಕೊಂಡಂತೆ ಒಂದು ಉಬ್ಬು. ಇನ್ನು ಅವನ ನಿಲುವಿನ ಮಾತು ಹೇಳುವುದಾದರೆ, ಅವನು ನಿಂತಿದ್ದಾಗಲೂ ನಿಂತಿರುತ್ತಿರಲಿಲ್ಲ. ದೇಹದ ಭಾರವನ್ನು ಬಲಗಾಲಿನಿಂದ ಎಡಗಾಲಿಗೆ, ಎಡಗಾಲಿನಿಂದ ಬಲಗಾಲಿಗೆ ಸದಾ ವರ್ಗಾಯಿಸುತ್ತ, ಯಾರದೋ ಮನೆಯ ಬಾಗಿಲು ತಟ್ಟಿ ಒಳಗಿನವರು ಚಿಲಕ ತೆಗೆಯುವುದನ್ನು ಕಾಯುವವನಂತೆ ಸಣ್ಣಗೆ ತೂಗುತ್ತಿದ್ದ. ನೋಡುವವರ ತಲೆ ತಿರುಗಬೇಕು, ಹಾಗೆ.

ನಾನು ಕೂರುವ ಪೈಕಿ. ಎಲ್ಲಿಗೆ ಹೋದರೂ ಮೊದಲು ಕಣ್ಣು ಹಾಯುವುದು ಕುರ್ಚಿಯ ಕಡೆಗೆ. ಎದುರಿನಲ್ಲಿ ಯಾರಾದರೂ ಸುಮ್ಮಸುಮ್ಮನೆ ಅಡ್ಡಾಡುತ್ತಿದ್ದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಅಂಥ ನನ್ನನ್ನು ವಿಧಿ ತಂದು ಹಾಕಿದ್ದು ಆಸ್ಪತ್ರೆಯ ಆ ಉದ್ದನೆಯ ಕೋಣೆಗೆ. ಜೀವಮಾನವೆಲ್ಲ ಅಂಗೈ ಮೇಲೆ ಗಡಿಯಾರಗಳನ್ನು ಬಿಚ್ಚಿ ಜೋಡಿಸಿದ ನಮ್ಮ ಯಜಮಾನರ ಮೂತ್ರಪಿಂಡಗಳು ಕೆಲಸ ಬಿಟ್ಟು ಕೂತಿದ್ದವು. ವಾರದಲ್ಲಿ ಹಲವು ಸಲ ಅವರ ರಕ್ತವನ್ನು ಯಂತ್ರಕ್ಕೆ ಕಳಿಸಿ ತೊಳೆದು ಮರಳಿ ಮೈಗೆ ತುಂಬಬೇಕಿತ್ತು. ಸಾಲಾಗಿ ಒರಗುಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕದಲ್ಲೊಂದು ಗುಂಯ್‌ಗುಡುವ ಯಂತ್ರ, ಕೆಂಪು ನಳಿಕೆಗಳು, ಬಾಗಿಲ ಬಳಿ ತೂಕದ ಯಂತ್ರ, ಫಿನಾಯಿಲ್ ವಾಸನೆ. ಅಲ್ಲಿನ ರೋಗಿಗಳಿಗೆ ನೀರೆಂದರೆ ವಿಷ, ನೀರೆಂದರೆ ಅಮೃತ. ದಿನಕ್ಕಿಷ್ಟೇ ಎಂದು ಅಳತೆ. ಒಂದು ಲೋಟ ಜಾಸ್ತಿಯಾದರೆ ಮುಖ ಊದುತ್ತದೆ, ಉಸಿರು ಕಟ್ಟುತ್ತದೆ. ನಮ್ಮವರು ಐಸಿನ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ಅದನ್ನು ಕರಗದಂತೆ ಕಾಯುತ್ತ ಒರಗಿರುತ್ತಿದ್ದರು.

ಪಕ್ಕದ ಕುರ್ಚಿಯವಳೇ ನಿಂತಣ್ಣನ ಅಕ್ಕ. ಹರೆಯದಲ್ಲೇ ಬೆಟ್ಟವಿಳಿದು ಬಂದು, ಪಟ್ಟಣದ ದರ್ಜಿಯೊಬ್ಬನನ್ನು ಕಟ್ಟಿಕೊಂಡು, ಅವನು ತೀರಿಹೋದ ಮೇಲೆ ಅದೇ ಅಂಗಡಿಯನ್ನು ತಾನೇ ನಡೆಸಿದ ಗಟ್ಟಿಗಿತ್ತಿ. ಹಿಡಿಗಾತ್ರದ ಹೆಂಗಸು, ಕತ್ತರಿಯಂಥ ನಾಲಿಗೆ. ಸೂಜಿ ಚುಚ್ಚಿದ ಕೈಯನ್ನು ಅಲ್ಲಾಡಿಸದೆ ಗಂಟೆಗಟ್ಟಲೆ ಒರಗಿರಬೇಕಾದ ಅವಳು, ಒಂದು ಗಳಿಗೆ ಕೂರಲಾಗದ ಅವನು. ಒಂದೇ ತಾಯಿಯ ಮಕ್ಕಳ ಹಣೆಬರಹ ಹೀಗೂ ಇರುತ್ತದಲ್ಲ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಮೊದಮೊದಲು ನನಗೆ ಅವನ ಮೇಲೆ ರೇಗುತ್ತಿತ್ತು. ಕಿಟಕಿಯಿಂದ ತೂಕದ ಯಂತ್ರಕ್ಕೆ, ತೂಕದ ಯಂತ್ರದಿಂದ ಕಿಟಕಿಗೆ ಅವನ ಓಡಾಟ. ಕೊನೆಗೊಂದು ದಿನ, "ಏನಪ್ಪಾ, ಕುಂಡೆಯಲ್ಲಿ ಮುಳ್ಳಿದೆಯಾ ನಿನಗೆ? ಒಂದು ಕಡೆ ಕೂರಬಾರದಾ?" ಎಂದು ಕೇಳಿಯೇಬಿಟ್ಟೆ. ಯಜಮಾನರು ಮುಜುಗರದಿಂದ ಕಣ್ಣು ಮುಚ್ಚಿಕೊಂಡರು. ಅಕ್ಕ ಮಾತ್ರ ಯಂತ್ರ ಅಲುಗುವಷ್ಟು ನಕ್ಕಳು. "ಕೂರಲ್ಲಮ್ಮ ಅದು. ಅದು ನೀರು ಹೊತ್ತಿದೆ" ಎಂದಳು.

ಆ ಕಥೆಯನ್ನು ಅವನಿಂದಲೇ ಕೇಳಿದ್ದು ಆಸ್ಪತ್ರೆಯ ತಾರಸಿಯ ಮೇಲೆ. ಅಕ್ಕನಿಗಾಗಿ ಕಾಯುತ್ತ ಸುಮ್ಮನಿರಲಾರದೆ ಅವನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಹಿಡಿದಿದ್ದ. ಕುದಿಸಿ ಹಿಂಡಿದ ಹಾಸುಬಟ್ಟೆಗಳನ್ನು ಬುಟ್ಟಿಗಳಲ್ಲಿ ಮೇಲಕ್ಕೆ ಹೊತ್ತು ತಂದು ತಂತಿಗಳ ಮೇಲೆ ಹರವುವುದು. ನಿಂತು ಮಾಡುವ ಕೆಲಸವಾದ್ದರಿಂದಲೇ ಆರಿಸಿಕೊಂಡದ್ದಂತೆ. ಯಜಮಾನರು ನಿದ್ದೆ ಹೋದಾಗ ನಾನು ಗಾಳಿಗೆಂದು ಮೇಲೆ ಹೋಗುತ್ತಿದ್ದೆ. ಒದ್ದೆ ಬಟ್ಟೆಗಳ ಬಿಳಿ ಗೋಡೆಗಳ ನಡುವೆ ಅವನ ಕೋಟು ಮಾತ್ರ ಕಾಣುತ್ತಿತ್ತು, ಮರೆಯಾಗುತ್ತಿತ್ತು, ಇನ್ನೊಂದು ಸಾಲಿನಲ್ಲಿ ಮತ್ತೆ ಕಾಣುತ್ತಿತ್ತು.

ಅವರ ಬೆಟ್ಟದಲ್ಲಿ, ಹಳ್ಳಿಗಳೆಲ್ಲ ಮುಗಿದು ಬರೀ ಬಂಡೆ ಉಳಿಯುವ ಎತ್ತರದಲ್ಲಿ, ಒಂದು ಚಾಚುಬಂಡೆಯ ಕೆಳಗೆ ಚಿಲುಮೆಯಿದೆ. ನೀರು ಉಗುರುಬೆಚ್ಚಗೆ, ತುಕ್ಕಿನ ವಾಸನೆ. ಆ ಜನ ಅದನ್ನು ದೇವರೆನ್ನುವುದಿಲ್ಲ, ತೀರ್ಥವೆನ್ನುವುದಿಲ್ಲ, ದೊಡ್ಡಮ್ಮ ಎನ್ನುತ್ತಾರೆ. ದೊಡ್ಡಮ್ಮನ ಮನೆಗೆ ಹೋಗುವಾಗ ತಿರುವಿನಲ್ಲಿ ಒಂದು ಸಲ ಕೆಮ್ಮಬೇಕು, ವಯಸ್ಸಾದವಳು, ಏಕಾಏಕಿ ಒಳನುಗ್ಗಿದರೆ ಗಾಬರಿಯಾಗುತ್ತಾಳೆ. ಬಾಯಾರಿಕೆಗೆ ಅಲ್ಲಿ ಕುಡಿಯುವಂತಿಲ್ಲ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಗಟ್ಟಿಯಾದಾಗ, ಒಡಹುಟ್ಟಿದವರೋ ಮಕ್ಕಳೋ ಹೋಗಿ, ಇಂಥವರಿಗೆ ಇಂಥ ಸಂಕಟ ಎಂದು ಬಾಯಿಬಿಟ್ಟು ಹೇಳಿ, ಒಣಸೋರೆಯ ಬುರುಡೆಯಲ್ಲಿ ನೀರು ತುಂಬಿ, ಬಾಯಿಗೆ ಜೇನುಮೇಣ ಮೆತ್ತಿ, ಮೈಗೆ ಕಟ್ಟಿಕೊಂಡು ಹೊರಡಬೇಕು. ತನಗಾಗಿ ತಾನೇ ತರುವ ಹಾಗಿಲ್ಲ. ಹೊರಟವನು ರೋಗಿಗೆ ಕುಡಿಸುವ ತನಕ ಬುರುಡೆಯನ್ನು ನೆಲಕ್ಕೆ ಇಡಬಾರದು, ತಾನೂ ಕೂರಬಾರದು.

"ಮಲಗಬಹುದಾ?" ಎಂದೆ ನಾನು, ವಕೀಲೆಯ ಹಾಗೆ.

"ಮಲಗಬಹುದಮ್ಮ. ದಾರಿ ಮಧ್ಯ ಯಾರಾದ್ರೂ ಮಲಗಿದ್ರೆ ದಾರಿಯಲ್ಲೇ ಇದ್ದ ಲೆಕ್ಕ. ಕೂತ್ರೆ ಮಾತ್ರ ಬಂದು ಸೇರಿದ ಹಾಗೆ. ನಾನಿನ್ನೂ ಸೇರಿಲ್ಲವಲ್ಲ."

"ಇಷ್ಟು ಕಾಲ ಇಟ್ಟ ನೀರು ಕೆಟ್ಟಿರಲ್ವೇನಪ್ಪಾ?"

"ಇಟ್ರೆ ಕೆಡುತ್ತೆ. ನಾನು ಇಟ್ಟಿಲ್ಲ. ಅಲ್ಲಾಡಿಸ್ತಾನೇ ಇದ್ದೀನಿ. ಮಲಗಿದಾಗ ಎದೆ ಮೇಲೆ ಇಟ್ಕೊಳ್ತೀನಿ, ಉಸಿರಿಗೆ ಅದೂ ಏರಿ ಇಳೀತಿರುತ್ತೆ" ಎಂದು ಅವನು ಕೋಟಿನ ಉಬ್ಬನ್ನು ಮೆಲ್ಲಗೆ ತಟ್ಟಿದ. ಆ ತೂಗಾಟದ ಗುಟ್ಟು ಆಗ ನನಗೆ ತಿಳಿಯಿತು. ಇನ್ನೊಂದು ಅನುಮಾನವೂ ನನ್ನನ್ನು ಕಾಡುತ್ತಿತ್ತು. ನಾಚಿಕೆ ಬಿಟ್ಟು ಕೇಳಿದೆ, ಬೆಳಿಗ್ಗೆದ್ದು ಬಯಲಿಗೆ ಹೋದಾಗ ಏನು ಮಾಡುತ್ತೀ ಎಂದು. ಕುಕ್ಕರಗಾಲಿನಲ್ಲಿ ಕೂರುವುದು ಕೂರುವುದಲ್ಲವೆಂದು ಅವರ ಹಿರಿಯರು ಹಿಂದೆಯೇ ತೀರ್ಮಾನಿಸಿದ್ದಾರಂತೆ. ಎಂಥ ಕಟ್ಟುನಿಟ್ಟಿನ ಜನರಲ್ಲಿಯೂ ಬುದ್ಧಿವಂತರು ಇದ್ದೇ ಇರುತ್ತಾರೆ ನೋಡಿ.

ಅವನು ಬೆಟ್ಟವಿಳಿದದ್ದು ಒಂದೇ ಹೊತ್ತಿನ ಕೆಲಸವೆಂದುಕೊಂಡು. ಅಕ್ಕನಿಗೆ ಒಂದು ಬೊಗಸೆ ಕುಡಿಸುವುದು, ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಊರ ಸುದ್ದಿ ಹೇಳುವುದು, ಸಂಜೆಯೊಳಗೆ ಮೇಲಿನ ದಾರಿ ಹಿಡಿಯುವುದು. ಆದರೆ ಅಕ್ಕ ಕುಡಿಯಲಿಲ್ಲ. "ಇವತ್ತು ಬೇಡ" ಎಂದಳು. ಮರುದಿನವೂ ಬೇಡವೆಂದಳು. ಅವನು ಹೊದ್ದು ಬಂದಿದ್ದ ಕಂಬಳಿ ತೆಗೆಸಿ, ಗಿರಾಕಿಯೊಬ್ಬ ಹೊಲಿಸಿ ಒಯ್ಯದೆ ಬಿಟ್ಟಿದ್ದ ಕೋಟನ್ನು ಕೊಟ್ಟು, ಒಳಗೊಂದು ಚೀಲದಂಥ ಜೇಬನ್ನೂ ತಾನೇ ಹೊಲಿದುಕೊಟ್ಟಳು, ಬುರುಡೆಗೆಂದು. ನೀರಿಗೆ ಜೇಬು ಹೊಲಿದವಳು ನೀರನ್ನು ಮಾತ್ರ ಬಾಯಿಗೆ ಮುಟ್ಟಿಸಲಿಲ್ಲ. ಪಟ್ಟಣದಲ್ಲಿದ್ದು ಇದ್ದು ಅಕ್ಕನಿಗೆ ನಂಬಿಕೆ ಹೋಗಿದೆ, ನಮ್ಮ ದೊಡ್ಡಮ್ಮ ಅಂದರೆ ತಾತ್ಸಾರ ಎಂದು ಅವನು ಕೊರಗುತ್ತಿದ್ದ. ಆಸ್ಪತ್ರೆಗೆ ಬಂದಾಗಲೆಲ್ಲ, ಯಂತ್ರಕ್ಕೆಂದು ಅವಳಿಗೆ ಸೂಜಿ ಚುಚ್ಚುವ ಮೊದಲು ಒಂದು ಸಲ, ತೆಗೆದ ಮೇಲೆ ಒಂದು ಸಲ, "ಅಕ್ಕ, ಈಗ?" ಎಂದು ಕೇಳುತ್ತಿದ್ದ. "ಹೋಗೋ" ಎನ್ನುತ್ತಿದ್ದಳು ಅವಳು. "ಆಯ್ತು, ಇನ್ನೇನು ಹೊರಟೆ" ಎಂದು ಅವನು ತಾರಸಿ ಹತ್ತುತ್ತಿದ್ದ.

ನನಗೆ ತಡೆಯಲಾಗಲಿಲ್ಲ. "ಅವಳಿಗೆ ಮಾತ್ರೆ ನುಂಗೋಕೆ ಅಂತ ಒಂದು ಗುಟುಕು ನೀರು ಕೊಡ್ತಾರಲ್ಲ, ಅದಕ್ಕೇ ಇದನ್ನೂ ಬೆರೆಸಿಬಿಡು ಮಾರಾಯ. ಅವಳಿಗೂ ಗೊತ್ತಾಗಲ್ಲ, ನೀನೂ ಕೂರಬಹುದು" ಎಂದು ಉಪಾಯ ಹೇಳಿಕೊಟ್ಟೆ. ಅಬ್ಬಾ, ಆ ಸಾಧು ಮನುಷ್ಯನ ಕಣ್ಣು ಕೆಂಪಾದದ್ದನ್ನು ನಾನು ಅದೊಂದೇ ಸಲ ಕಂಡದ್ದು. ಕೈಯಲ್ಲಿದ್ದ ಹಾಸುಬಟ್ಟೆಯನ್ನು ಝಾಡಿಸಿ ತಂತಿಗೆ ಎಸೆದು, "ಕದ್ದು ಕುಡಿಸೋಕೆ ಇದೇನು ಹೆಂಡವಾ? ಬೇಕು ಅಂತ ಅವಳೇ ಕೈ ಚಾಚಬೇಕು. ಇಲ್ದಿದ್ರೆ ಇದು ಬರೀ ನೀರು, ನಾನು ಬರೀ ಕತ್ತೆ" ಎಂದ. ಆಮೇಲೆ ಅವನೇ ಪಶ್ಚಾತ್ತಾಪಪಟ್ಟು ನನ್ನ ಸೆರಗಿಗೆ ಚಿಮ್ಮಿದ್ದ ಹನಿಗಳನ್ನು ಒರೆಸಲು ಬಂದ. ಮುಗ್ಧನೂ ಹೌದು, ಮೊಂಡನೂ ಹೌದು. ಎರಡೂ ಒಂದೇ ಮೈಯಲ್ಲಿದ್ದರೆ ಹತ್ತಿರದವರ ಗತಿ ದೇವರಿಗೇ ಪ್ರೀತಿ.

ಒಮ್ಮೆ ಅವನನ್ನು ಮನೆಗೆ ಊಟಕ್ಕೆ ಕರೆದಿದ್ದೆವು. ಯಜಮಾನರಿಗೆ ಅವನೆಂದರೆ ಅಕ್ಕರೆ. ನಿಲ್ಲದೆ ನಡೆಯುವುದನ್ನೆಲ್ಲ ಮೆಚ್ಚುವುದು ಅವರ ಕಸುಬಿನ ಗುಣವಿರಬೇಕು. ಮೇಜಿನ ಸುತ್ತ ನಾವಿಬ್ಬರೂ ಕೂತೆವು. ಅವನು ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಗೋಡೆಗೆ ಒರಗದೆ, ಕಿಟಕಿಯ ಬಳಿ ತೂಗುತ್ತ ಉಣ್ಣತೊಡಗಿದ. ನಿಂತವನ ಎದುರು ಕೂತು ಉಣ್ಣುವುದು ಎಂಥ ಶಿಕ್ಷೆಯೆಂದು ಬಲ್ಲವರೇ ಬಲ್ಲರು. ಬಂದವನು ಇನ್ನೂ ಬಂದಿಲ್ಲವೇನೋ, ನಾವೇ ಅವಸರ ಮಾಡಿದೆವೇನೋ ಎಂಬ ಕಸಿವಿಸಿ. ಮೊದಲು ಯಜಮಾನರು ತಟ್ಟೆ ಹಿಡಿದು ಎದ್ದರು. ಆಮೇಲೆ ನಾನೂ ಎದ್ದೆ. ಮೂವರೂ ಅಡುಗೆಮನೆಯಲ್ಲಿ ನಿಂತುಕೊಂಡು, ರೈಲು ತಪ್ಪುವುದೆಂಬ ಭಯದಲ್ಲಿರುವ ಪ್ರಯಾಣಿಕರ ಹಾಗೆ ಗಬಗಬ ಉಂಡೆವು. ಅವನು ಹೋದ ಮೇಲೂ ಆ ಸಂಜೆಯೆಲ್ಲ ನನಗೆ ನೆಮ್ಮದಿಯಾಗಿ ಕೂರಲಾಗಲಿಲ್ಲ. ಮನೆಯೊಳಗೊಂದು ಕಾಯುವಿಕೆಯನ್ನು ಬಿಟ್ಟುಹೋಗಿದ್ದ ಆಸಾಮಿ.

ಆ ಸಿಟ್ಟನ್ನು ನಾನು ತೀರಿಸಿಕೊಂಡದ್ದು ಅಕ್ಕನ ಮೇಲೆ. ಅವನು ಬುಟ್ಟಿ ಹೊತ್ತು ಮೇಲೆ ಹೋಗಿದ್ದಾಗ ಅವಳ ಕುರ್ಚಿಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತು, "ಅಲ್ಲ ತಾಯಿ, ಒಂದು ಗುಟುಕು ಕುಡಿದರೆ ನಿಮ್ಮ ಗಂಟೇನು ಹೋಗುತ್ತೆ? ನಂಬದಿದ್ದರೂ ಪರವಾಗಿಲ್ಲ, ಆ ಬಡಪಾಯಿಗೋಸ್ಕರ ಕುಡೀರಿ. ನೋಡೋಕಾಗಲ್ಲ ನನಗೆ" ಎಂದೆ.

ಅವಳು ನಳಿಕೆಯಲ್ಲಿ ಹರಿಯುವ ತನ್ನದೇ ರಕ್ತದ ಕಡೆಗೆ ಕಣ್ಣು ಹೊರಳಿಸಿದಳು. ಆಮೇಲೆ ಹೇಳಿದಳು: "ನಂಬಲ್ಲ ಅಂತ ಯಾರು ಹೇಳಿದ್ದು? ಅವನಿಗಿಂತ ಜಾಸ್ತಿ ನಂಬ್ತೀನಿ. ಅದಕ್ಕೇ ಕುಡಿಯಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ.

"ಒಂದು ಕಾಯಿಲೆಗೆ ಒಂದೇ ಸಲಮ್ಮ ನೀರು. ದೊಡ್ಡಮ್ಮನ ಹತ್ರ ಒಂದೇ ಮಾತು ಎರಡು ಸಲ ಹೇಳೋ ಹಾಗಿಲ್ಲ, ನನಗೆ ಕಿವಿ ಕೇಳಲ್ವಾ ಅಂತ ಮುನಿಸ್ಕೊಳ್ತಾಳೆ. ನಮ್ಮ ಚಿಕ್ಕಪ್ಪ ಕುಡಿದ, ಎದ್ದು ಕೂತ, ಮೊಮ್ಮಕ್ಕಳನ್ನ ಕಂಡು ಸತ್ತ. ನಮ್ಮ ಅವ್ವನೂ ಕುಡಿದ್ಲು, ವಾಸಿಯಾಗ್ಲಿಲ್ಲ. ಸರಿ, ಮುಗೀತು. ಆಮೇಲೆ ಬೇಡಿಕೊಳ್ಳೋಕೆ ನಮಗೆ ಯಾರೂ ಇರಲಿಲ್ಲ. ನನ್ನ ನೀರು ಇನ್ನೂ ಆ ಕೋಟಿನಲ್ಲಿದೆ. ಯಂತ್ರ ಕೈ ಬಿಟ್ರೆ ಅದಿದೆ, ಡಾಕ್ಟ್ರು ಕೈ ಬಿಟ್ರೆ ಅದಿದೆ ಅಂದ್ಕೊಂಡು ಮಲಗ್ತೀನಿ. ಕುಡಿದುಬಿಟ್ರೆ ಏನಿದೆ ಅಂದ್ಕೊಂಡು ಮಲಗಲಿ ಹೇಳಿ?" ಧ್ವನಿ ತಗ್ಗಿಸಿ, "ಅದೂ ಅಲ್ದೆ, ಅವನು ನಿಂತಿರೋ ತನಕ ನಾನು ಹೋಗಲ್ಲ ಅನಿಸುತ್ತೆ. ಹೇಗೆ ಹೋಗೋದು? ಅಷ್ಟು ಉದ್ದದ ಆಳು ಬಾಗಿಲಿಗೆ ಅಡ್ಡ ನಿಂತಿದ್ದಾನಲ್ಲ" ಎಂದು ನಕ್ಕಳು. "ಅವನಿಗೆ ಹೇಳಬೇಡಿ. ಅಕ್ಕನಿಗೆ ಸಾಯೋ ಭಯ ಅಂತ ಗೊತ್ತಾದ್ರೆ ಅಳ್ತಾನೆ. ಅಹಂಕಾರ ಅಂದ್ಕೊಂಡಿರಲಿ."

ನಾನು ಹೇಳಲಿಲ್ಲ. ಆದರೆ ಅಂದಿನಿಂದ ಆ ಕೋಣೆಯಲ್ಲಿ ನನಗೆ ಕೂತ ಜಾಗ ಮುಳ್ಳಾಯಿತು. ಒಂದು ಕಡೆ ಅವಳ ಮುಖ, ಇನ್ನೊಂದು ಕಡೆ ಅವನ ಕಾಲು. ಅವನ ಕಾಲುಗಳು ಬೇಸಿಗೆಯ ಹೊತ್ತಿಗೆ ಬಿಗಿಯತೊಡಗಿದ್ದವು. ಬೂಟಿನ ದಾರ ಬಿಚ್ಚಿಕೊಂಡೇ ಇರುತ್ತಿತ್ತು, ತಾರಸಿಯ ಮೆಟ್ಟಿಲು ಹತ್ತುವಾಗ ಕೈ ಕಂಬಿಯನ್ನು ಹುಡುಕುತ್ತಿತ್ತು. ಹಿರಿಯ ನರ್ಸ್ ಅವನನ್ನು ಬಲವಂತದಿಂದ ಡಾಕ್ಟರ ಬಳಿಗೆ ಎಳೆದೊಯ್ದಳು. ಹಿಮ್ಮಡಿಯ ಮೇಲೊಂದು ಹುಣ್ಣು ಬಾಯಿಬಿಟ್ಟಿದೆಯೆಂದೂ, ಕೂತು, ಕಾಲನ್ನು ಎತ್ತರದಲ್ಲಿಟ್ಟುಕೊಳ್ಳದಿದ್ದರೆ ಅದು ಕೊಳೆಯುತ್ತದೆಂದೂ, ಕೊಳೆತರೆ ಕಾಲನ್ನೇ ತೆಗೆಯಬೇಕಾಗುತ್ತದೆಂದೂ ಡಾಕ್ಟರು ಹೇಳಿದರು. ಅವನು ವಿನಯದಿಂದ ಕೇಳಿಸಿಕೊಂಡ. "ಅಕ್ಕನಿಗೆ ಹೇಳಬೇಡಿ" ಎಂದ. ಅಯ್ಯೋ, ಇವರ ಗುಟ್ಟುಗಳನ್ನು ಕಾಯುವುದಕ್ಕೇ ನಾನು ಹುಟ್ಟಿದ್ದೇನೋ ಎನಿಸಿತು. ಅವಳ ಭಯ ಅವನಿಗೆ ತಿಳಿಯಕೂಡದು, ಅವನ ನೋವು ಅವಳಿಗೆ ತಿಳಿಯಕೂಡದು. ನಡುವೆ ನಾನು ಬೆಂಕಿ ನುಂಗಿಕೊಂಡು ಕೂರಬೇಕು.

ಗುಟ್ಟನ್ನು ಬಯಲು ಮಾಡಿದ್ದು ಅವನ ಷರಾಯಿ. ಮೀನಖಂಡ ಊದಿ ಷರಾಯಿಯೊಳಗೆ ಹಿಡಿಸದಾದಾಗ ಆ ಮಹಾಶಯ ಮೊಣಕಾಲಿನ ಕೆಳಗಿನ ಹೊಲಿಗೆ ಬಿಚ್ಚಿ, ಹರಿದ ಹಾಸುಬಟ್ಟೆಯ ಪಟ್ಟಿಯೊಂದನ್ನು ನಡುವೆ ಸೇರಿಸಿ, ಕೈಯಿಂದಲೇ ಹೊಲಿದುಕೊಂಡು ಬಂದಿದ್ದ. ಮೇಲೆ ಕಾಫಿಪುಡಿಯ ಬಣ್ಣ ಬಳಿದಿದ್ದನಂತೆ, ಯಾರಿಗೂ ಕಾಣಬಾರದೆಂದು. ಯಾರಿಗೂ ಕಾಣಲಿಲ್ಲ, ನಿಜ. ಆದರೆ ಒರಗುಕುರ್ಚಿಯಲ್ಲಿ ಒರಗಿದವಳ ಕಣ್ಣಿನ ಮಟ್ಟಕ್ಕೆ ಸರಿಯಾಗಿ ನಿಂತವನ ಕಾಲುಗಳೇ ಬರುತ್ತವೆ, ಮತ್ತು ಅವಳು ಜೀವಮಾನವಿಡೀ ಅಂಚು ಹೊಲಿದ ದರ್ಜಿ.

"ಇದ್ಯಾರೋ ಹೊಲಿದಿದ್ದು?" ಎಂದಳು.

"ಯಾವುದು?"

"ಇದೇ. ಕೋಳಿ ಕೆದರಿದ ಹಾಗಿದೆ. ಯಾರು ಹೊಲಿದಿದ್ದು? ಎತ್ತು, ನೋಡೋಣ."

"ಬಿಡಕ್ಕ, ಬಟ್ಟೆ ಒಣಗಿಸ್ಬೇಕು, ಇನ್ನೇನು ಹೊರಟೆ—"

"ಎತ್ತೋ!"

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಷರಾಯಿಯನ್ನು ಮೇಲೆತ್ತಿದ. ನಾನು ಮುಖ ತಿರುಗಿಸಿದೆ, ಅಕ್ಕ ತಿರುಗಿಸಲಿಲ್ಲ. ಹೊಳೆಯುವಷ್ಟು ಊದಿದ ಆ ಕಾಲನ್ನು, ಬಟ್ಟೆ ಸುತ್ತಿದ ಹಿಮ್ಮಡಿಯನ್ನು, ಬಟ್ಟೆಯ ಮೇಲೆ ಹರಡಿದ ಹಳದಿ ಕಲೆಯನ್ನು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಬೈಯತೊಡಗಿದಳು. ಅವರ ಬೆಟ್ಟದ ಮಾತಿನಲ್ಲಿ ಬೈದದ್ದು ನಮಗ್ಯಾರಿಗೂ ತಿಳಿಯಲಿಲ್ಲ, ಆದರೆ ಅವನ ತಲೆ ತಗ್ಗುತ್ತ ತಗ್ಗುತ್ತ ಕೋಟಿನ ಕಾಲರಿನೊಳಗೆ ಮುಳುಗಿಹೋಯಿತು. ಕೊನೆಗೆ ಉಸಿರು ಸಾಲದೆ ನಿಲ್ಲಿಸಿ, ಸೂಜಿಯಿಲ್ಲದ ಕೈಯನ್ನು ಅವನ ಕಡೆಗೆ ಚಾಚಿದಳು.

"ಕೊಡು."

"ಏನಕ್ಕ?"

"ದೊಡ್ಡಮ್ಮ ಕೊಟ್ಟಿದ್ದು. ಕೊಡು ಇಲ್ಲಿ."

ಇಷ್ಟು ಕಾಲ ಯಾವ ಮಾತಿಗಾಗಿ ಅವನು ಬಾಯಿಬಾಯಿ ಬಿಟ್ಟಿದ್ದನೋ ಆ ಮಾತು ಬಂದಿತ್ತು. ಕುಣಿದಾಡುತ್ತಾನೆ ಎಂದುಕೊಂಡೆ ನಾನು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಎರಡೂ ಕೈಗಳಿಂದ ಕೋಟಿನ ಉಬ್ಬನ್ನು ಮುಚ್ಚಿಕೊಂಡ. "ಇವತ್ತು ಬೇಡಕ್ಕ" ಎಂದ. "ಸಿಟ್ಟಲ್ಲಿದ್ದೀಯ. ಸಿಟ್ಟಲ್ಲಿ ಕುಡಿಯಬಾರ್ದು. ನಾಳೆ ಕುಡಿ." ಆಗ ನನಗೆ ಹೊಳೆಯಿತು, ಅವಳು ಯಾವುದಕ್ಕೆ ಹೆದರಿದ್ದಳೋ ಅದಕ್ಕೆ ಇವನೂ ಹೆದರಿದ್ದಾನೆ, ಬಂದಾಗಲೆಲ್ಲ ಎರಡು ಸಲ "ಈಗ?" ಎಂದು ಕೇಳುತ್ತಿದ್ದವನು "ಬೇಡ" ಎಂಬ ಉತ್ತರ ಕೇಳಿದಾಗೆಲ್ಲ ಒಳಗೊಳಗೆ ಬದುಕಿದೆಯಾ ಬಡಜೀವವೇ ಎಂದುಕೊಂಡೇ ತಾರಸಿ ಹತ್ತುತ್ತಿದ್ದ.

"ನಾನು ಕೈ ಚಾಚಿದ್ದೀನಿ" ಎಂದಳು ಅಕ್ಕ, ಈಗ ಸಣ್ಣ ದನಿಯಲ್ಲಿ. "ಚಾಚಿದ ಕೈಗೆ ಇಲ್ಲ ಅಂತೀಯಾ?"

ಅಂಥ ಕೈಗೆ ಇಲ್ಲವೆನ್ನಲು ಅವರ ಕಟ್ಟಳೆಯಲ್ಲಿ ದಾರಿಯಿಲ್ಲ. ಅವನು ಬುರುಡೆಯನ್ನು ಹೊರತೆಗೆದ. ಎದೆಯ ಬಿಸಿಗೆ ಮೇಣ ಮೆತ್ತಗಾಗಿತ್ತು, ಉಗುರಿನಿಂದ ಕೀಳುವಾಗ ಎಳೆ ಎಳೆಯಾಗಿ ಬಂತು. ಹಿರಿಯ ನರ್ಸ್ ಓಡಿಬಂದು, "ಸ್ವಲ್ಪ ತಡೀರಿ, ಒಂದು ಬೊಗಸೆ ಅಂದ್ರೆ ಎಷ್ಟಾಗುತ್ತೆ? ಇವತ್ತಿನ ನೀರಿನಲ್ಲಿ ಅಷ್ಟು ಕಳೀಬೇಕು ನಾನು" ಎಂದಳು. ಯಾರೂ ನಗಲಿಲ್ಲ, ಅವಳೂ ತಮಾಷೆಗೆ ಹೇಳಿರಲಿಲ್ಲ. ಅವನು ಅಂಗೈಯಲ್ಲಿ ಹೊಯ್ದುಕೊಂಡ ನೀರನ್ನು ಅಕ್ಕ ಅವನ ಮಣಿಕಟ್ಟನ್ನು ಹಿಡಿದು, ಹನಿ ಚೆಲ್ಲದೆ, ನಿಧಾನವಾಗಿ, ಕಣ್ಣು ಮುಚ್ಚಿಕೊಂಡು ಕುಡಿದಳು. ಬೆರಳ ಸಂದಿಗಳನ್ನೂ ಬಿಡಲಿಲ್ಲ. ಎಷ್ಟು ಬಾಯಾರಿದ್ದಳೋ ಪಾಪ.

"ಕೂತ್ಕೋ" ಎಂದಳು ಆಮೇಲೆ.

ಅವನಿಗೆ ಕೂರುವುದು ಮರೆತುಹೋಗಿತ್ತು. ನಾನು ಸ್ಟೂಲು ಸರಿಸಿದೆ. ಅದನ್ನು ನೋಡಿದ, ನನ್ನನ್ನು ನೋಡಿದ, ಗೋಡೆ ಹಿಡಿದುಕೊಂಡು ಮೆಲ್ಲಗೆ ಜಾರುತ್ತ ಜಾರುತ್ತ ನೆಲದ ಮೇಲೆಯೇ ಕೂತ. ಕೂತವನೇ ಕೈಕಾಲು ಚೆಲ್ಲಿ, ಯಂತ್ರದ ಗುಂಯ್‌ಗುಟ್ಟುವಿಕೆಯನ್ನು ಮೀರಿ, ಎಳೆಮಗುವಿನ ಹಾಗೆ ಗಟ್ಟಿಯಾಗಿ ಅತ್ತ. ಅಕ್ಕ ಅಳಲಿಲ್ಲ. ಸೂಜಿಯಿಲ್ಲದ ಕೈಯಿಂದ ಅವನ ತಲೆಗೂದಲನ್ನು ಎತ್ತಿ ನೋಡಿ, "ಯಾರೋ ನಿನಗೆ ಕ್ಷೌರ ಮಾಡಿದ್ದು, ಹಿಂದೆಲ್ಲ ಮೆಟ್ಟಿಲು ಮೆಟ್ಟಿಲಾಗಿದೆ" ಎಂದಳು. ನಮ್ಮ ಯಜಮಾನರು ತಮ್ಮ ಕುರ್ಚಿಯಿಂದ, ರಿಪೇರಿಗೆ ಬಂದ ಗಡಿಯಾರವನ್ನು ನೋಡುವ ಹಾಗೆ, ಅವನನ್ನೇ ನೋಡುತ್ತಿದ್ದರು. "ನಿಂತುಬಿಡ್ತು ಕಣೇ" ಎಂದು ನನಗೆ ಮೆಲ್ಲಗೆ ಹೇಳಿದರು.

ಕೂತ ಮೇಲೆ ಕಾಲು ವಾಸಿಯಾಯಿತು. ಡಾಕ್ಟರು ಕಟ್ಟಿದ ಪಟ್ಟಿ, ಹಚ್ಚಿದ ಮುಲಾಮು, ದಿಂಬಿನ ಮೇಲೆ ಎತ್ತಿಟ್ಟ ವಿಶ್ರಾಂತಿ, ಎಲ್ಲ ಸೇರಿ ಹುಣ್ಣು ಮುಚ್ಚಿತು. ಅಕ್ಕ ಮಳೆಗಾಲವನ್ನು ದಾಟಿದಳು. ಆ ದಿನಗಳಲ್ಲಿ ಅವಳು ಲವಲವಿಕೆಯಿಂದಲೇ ಇದ್ದಳೆಂದು ಹೇಳಬೇಕು. ಅಂಗಡಿಗೆ ಹೋಗಿ ಎರಡು ಹಳೆಯ ಗಿರಾಕಿಗಳ ಜೊತೆ ಜಗಳವಾಡಿಬಂದಳು, ತಮ್ಮನಿಗೊಂದು ಹೊಸ ಷರಾಯಿ ಹೊಲಿದಳು. ಚಳಿ ಶುರುವಾದ ಮೇಲೆ ಒಂದು ಮಧ್ಯಾಹ್ನ, ಯಂತ್ರಕ್ಕೆ ಹಚ್ಚಿದ್ದಾಗಲೇ, ಅವಳ ಎದೆ ನಿಂತಿತು. ನರ್ಸುಗಳು ಓಡಾಡಿದರು, ಪರದೆ ಎಳೆದರು. ಅವನು ಪರದೆಯ ಈಚೆಗೆ, ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದ.

ಎಲ್ಲ ಮುಗಿದು, ಬೆಟ್ಟಕ್ಕೆ ಹಿಂತಿರುಗುವ ಮುನ್ನ ಹೇಳಿಹೋಗಲು ಬಂದ. ಅದೇ ಬೆಂಚಿನ ಮೇಲೆ ಕೂತ. "ಕಾಲು ಇನ್ನೊಂದು ಸ್ವಲ್ಪ ತಡೀಬೇಕಿತ್ತಮ್ಮ" ಎಂದ. "ನಾನು ಸರಿಯಾಗಿ ಮುಚ್ಚಿಡಲಿಲ್ಲ. ಆ ಹೊಲಿಗೆ ನೀಟಾಗಿ ಹಾಕಿದ್ರೆ ಅವಳಿಗೆ ಕಾಣ್ತಿರಲಿಲ್ಲ. ಕಾಣದಿದ್ರೆ ಕುಡೀತಿರಲಿಲ್ಲ. ನಾನು ಇನ್ನೂ ನಿಂತಿರ್ತಿದ್ದೆ. ನಾನು ನಿಂತಿದ್ದಿದ್ರೆ ಅವಳು..."

ಹುಚ್ಚಪ್ಪಾ, ನಿನ್ನ ಕಾಲಿಗೂ ಅವಳ ಎದೆಗೂ ಎಲ್ಲಿಯ ಸಂಬಂಧ, ನೀನು ಕೂತರೂ ನಿಂತರೂ ಆಗುವುದು ಆಗಿಯೇ ಆಗುತ್ತಿತ್ತು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ವಾದದಲ್ಲಿ ಸೋತು ಗೊತ್ತಿಲ್ಲದವಳು ನಾನು. ಆದರೆ ಅವನ ಮುಖ ನೋಡಿದೆ. ಆ ಮಾತನ್ನು ಆಡಿದ್ದರೆ ಅವನ ಅಷ್ಟು ಕಾಲದ ನಿಲುವೆಲ್ಲ ಬರೀ ನಿಲುವಾಗುತ್ತಿತ್ತು. ಹುಣ್ಣಾದ ಕಾಲು ಬರೀ ಹುಣ್ಣಾಗುತ್ತಿತ್ತು. ಅಕ್ಕ ಅವನಿಂದಾಗಿ ಒಂದು ದಿನವೂ ಹೆಚ್ಚಿಗೆ ಬದುಕಿರಲಿಲ್ಲ ಎಂದಾಗುತ್ತಿತ್ತು. ನಾನು ಅವನ ಕೈ ಹಿಡಿದುಕೊಂಡೆ. "ಹೌದಪ್ಪ" ಎಂದೆ. "ಇನ್ನೊಂದು ಸ್ವಲ್ಪ ದಿನ ತಡೆದಿದ್ರೆ ಚೆನ್ನಾಗಿತ್ತು."

ಅವನು ಕೃತಜ್ಞತೆಯಿಂದ ನನ್ನತ್ತ ನೋಡಿದ. "ಅದೇ ನಾನೂ ಹೇಳೋದು" ಎಂದ.

ಆಸ್ಪತ್ರೆಗಳ ಓಣಿಗಳಲ್ಲಿ, ಬಾಗಿಲುಗಳ ಹೊರಗೆ, ಮೆಟ್ಟಿಲುಗಳ ತಿರುವಿನಲ್ಲಿ ಇಂಥ ಎಷ್ಟೋ ಮಂದಿಯನ್ನು ನಾನು ಆಮೇಲೆ ಕಂಡಿದ್ದೇನೆ. ಅವರಲ್ಲಿ ಬೆಟ್ಟದವರು ಒಬ್ಬರೂ ಇಲ್ಲ, ಯಾರ ಕಂಕುಳಲ್ಲಿಯೂ ಬುರುಡೆಯಿಲ್ಲ. ಕುರ್ಚಿ ಖಾಲಿಯಿದ್ದರೂ ಕೂರುವುದಿಲ್ಲ, ಊಟದ ಹೊತ್ತಾದರೂ ಉಣ್ಣುವುದಿಲ್ಲ, ಒಂದು ಗಳಿಗೆ ಕಣ್ಣು ಮುಚ್ಚಿದರೆ ಎಲ್ಲಿ ಏನಾಗಿಬಿಡುವುದೋ ಎಂದು ಓಣಿಯ ಉದ್ದಕ್ಕೂ ಅಲೆಯುತ್ತಿರುತ್ತಾರೆ. ಚಡಪಡಿಕೆಯ ಜನ ಎಂದು ನಾವು ಅವರಿಗೆ ಹೆಸರಿಟ್ಟು, ಬುದ್ಧಿ ಹೇಳಿ, ಭುಜ ಒತ್ತಿ ಕೂರಿಸುತ್ತೇವೆ. ಯಾವುದೋ ಒಂದು ದಿನ ಅವರೂ ದಣಿದು ಕೂರುತ್ತಾರೆ, ಮತ್ತು ಯಾವುದೋ ಒಂದು ದಿನ, ಹೇಗೂ, ಒಳಗಿರುವವರು ಹೋಗುತ್ತಾರೆ. ಆ ಎರಡು ದಿನಗಳನ್ನು ಅವರು ಜೀವಮಾನವಿಡೀ ಒಂದಕ್ಕೊಂದು ಹೊಲಿಯುತ್ತಲೇ ಇರುತ್ತಾರೆ. ತಪ್ಪು ನಿಮ್ಮದಲ್ಲ ಎಂದು ಹೇಳಲು ಹೋಗಬೇಡಿ. ಆ ತಪ್ಪೊಂದನ್ನು ಬಿಟ್ಟರೆ, ಹೋದವರಿಗಾಗಿ ತಾವು ಏನಾದರೂ ಮಾಡಬಲ್ಲವರಾಗಿದ್ದೆವು ಎನ್ನುವುದಕ್ಕೆ ಅವರ ಬಳಿ ಬೇರೆ ಏನೂ ಇರುವುದಿಲ್ಲ.